ಅಪ್ಪನಿಗೊಂದು ಲೆನ್ಸು

ಅಪ್ಪ ನನ್ನ ಹತ್ರ ಏನನ್ನೂ ಕೇಳುವವನಲ್ಲ. ಮೊದಲ ಸಂಬಳ ಬಂದಾಗ "ಏನ್ ಬೇಕಪ್ಪ ನಿಂಗೆ?" ಅಂದಿದ್ದಕ್ಕೆ "ನಿನ್ ರೂಮಿನ ಬಾಡಿಗೆ ನೀನ್ ಕಟ್ಕೋ, ಅಷ್ಟಾದ್ರೆ ಸಾಕು" ಅಂದಿದ್ದ. ಆಮೇಲೆ ನಾನಾಗೇ ಕೊಡಿಸಿದ ಸ್ವೆಟರು ಇನ್ನೂ ಕವರಿನಲ್ಲೇ ಇದೆ. ಅಂಥ ಅಪ್ಪ ಹೋದ ತಿಂಗಳು, ಅದೂ ನಾನು ಬೆಳಗಿನ ಸ್ಟ್ಯಾಂಡಪ್ ಮೀಟಿಂಗಲ್ಲಿ ಇರುವಾಗ, ಎರಡು ಸಲ ಫೋನ್ ಮಾಡಿದ. ಎದೆ ಧಸಕ್ ಅಂತು. ಊರಿಂದ ಆ ಹೊತ್ತಿಗೆ ಎರಡೆರಡು ಸಲ ಕಾಲ್ ಬಂದ್ರೆ ನಮ್ಮಂಥೋರಿಗೆಲ್ಲ ಹಾಗೇ ಆಗೋದು, ಅಲ್ವಾ? ಮ್ಯೂಟ್ ಹಾಕಿ ಹೊರಗೆ ಬಂದು ಎತ್ತಿದೆ.

"ಬೆಂಗ್ಳೂರಾಗೆ ಲೆನ್ಸ್ ಸಿಗ್ತಾವೇನೋ? ಹತ್ತು ಪಟ್ಟು ದೊಡ್ಡದಾಗಿ ಕಾಣಿಸ್ಬೇಕು. ಜೇಬಿಗೆ ಹಾಕ್ಕಳಂಗೆ ಇರ್ಬೇಕು."

"ಯಾಕಪ್ಪ, ಕಣ್ಣಿಗೇನಾತು?"

"ಕಣ್ಣಿಗಲ್ಲಲೇ, ಹುಳಕ್ಕೆ."

ಆನ್‌ಲೈನಲ್ಲಿ ಮುನ್ನೂರು ಚಿಲ್ಲರೆ ರೂಪಾಯಿ. ಆರ್ಡರ್ ಹಾಕೋಕೆ ಎರಡು ನಿಮಿಷ ಸಾಕಾಯ್ತು. ಆದ್ರೆ ಅವತ್ತಿಡೀ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಈ ಲೆನ್ಸಿನ ಹಿಂದೆ 2018ರ ಒಂದು ಕಥೆ ಇದೆ, ಆ ಕಥೆಯಲ್ಲಿ ನಾನು ಮಾಡಿದ ಒಂದು ತಪ್ಪೂ ಇದೆ. ಹೋದ ಸಲ ಪಿಜಿ ಊಟದ ಬಗ್ಗೆ ಬರೆದು ನಿಮ್ಮನ್ನೆಲ್ಲ ನಗಿಸಿದ್ದೆ. ಈ ಸಲ ಸ್ವಲ್ಪ ಬೇರೆ.

ನಮ್ಮೂರು ಹೊನ್ನಾಳಿ ಕಡೆ. ಮೂರೂವರೆ ಎಕರೆ, ಮಳೆ ನೀರಿನ ಮೇಲೆ ನಡೆಯೋ ಹೊಲ. ಮುಂಗಾರಿಗೆ ಮೆಕ್ಕೆಜೋಳ. ನಮ್ಮ ಸುತ್ತಮುತ್ತ ದಾವಣಗೆರೆ, ಹಾವೇರಿ, ಶಿವಮೊಗ್ಗದ ಬಯಲು ಸೀಮೆ ಎಲ್ಲ ಹಾಗೇ, ಎತ್ತ ನೋಡಿದ್ರೂ ಮೆಕ್ಕೆಜೋಳ. ನನ್ನ ಇಂಜಿನಿಯರಿಂಗ್ ಫೀಸು ಕಟ್ಟಿದ್ದೂ ಅದೇ. 2018ರಲ್ಲಿ ನನಗೆ ಇಪ್ಪತ್ತಮೂರು, ಬೆಂಗಳೂರಲ್ಲಿ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಜುಲೈ ಕೊನೆಗೆ ಅಪ್ಪ ವಾಟ್ಸ್ಆ್ಯಪ್‌ನಲ್ಲಿ ಒಂದು ಫೋಟೋ ಕಳಿಸಿದ. ಕೈ ನಡುಗಿ ಮಸುಕಾಗಿತ್ತು. ಎಲೆ ತುಂಬ ತೂತು, ಸುಳಿಯೊಳಗೆ ಮರದ ಹೊಟ್ಟಿನ ಹಾಗೆ ಏನೋ ಉದುರಿತ್ತು. ಕೆಳಗೆ ಒಂದು ವಾಯ್ಸ್ ಮೆಸೇಜು: "ಇದು ಯಾವ್ ಹುಳ ಅಂತ ನೋಡಿ ಹೇಳಪ್ಪ, ನಿಂಗೆಲ್ಲಾ ಗೊತ್ತಾಗ್ತೈತಲ್ಲ."

ನಿಂಗೆಲ್ಲಾ ಗೊತ್ತಾಗ್ತೈತಲ್ಲ! ಆ ವಯಸ್ಸಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಯಾವುದಿದೆ ಹೇಳಿ. ಲಂಚ್ ಬ್ರೇಕಲ್ಲಿ ಗೂಗಲ್ ಮಾಡಿದೆ. ಮೂರನೇ ಲಿಂಕಲ್ಲಿ ಕಾಂಡ ಕೊರೆಯುವ ಹುಳು ಅಂತಿತ್ತು, ಚಿತ್ರವೂ ಸುಮಾರಾಗಿ ಹಾಗೇ ಇತ್ತು. ಅದರ ಕೆಳಗಿದ್ದ ಔಷಧಿ ಹೆಸರನ್ನು ಕಾಪಿ ಮಾಡಿ ಕಳಿಸಿದೆ. ಹತ್ತು ನಿಮಿಷದ ಕೆಲಸ. ಅಪ್ಪ ಆ ಮೆಸೇಜನ್ನ ತಾಲ್ಲೂಕಿನ ಒಂದು ಗೊಬ್ಬರದಂಗಡಿಯಲ್ಲಿ ತೋರಿಸಿದ. ಅಂಗಡಿಯವರು "ಇದೊಂದಕ್ಕೆ ಬಗ್ಗಲ್ಲ, ಜೊತಿಗೆ ಇದನ್ನೂ ಹಾಕಿ" ಅಂತ ಇನ್ನೊಂದು ಬಾಟ್ಲಿ ಕೊಟ್ಟರು. ಉದ್ರಿ ಬರೆದುಕೊಂಡರು.

ಎರಡನ್ನೂ ಬೆರೆಸಿ, ಎದೆ ಮಟ್ಟ ಬೆಳೆದ ಜೋಳದೊಳಗೆ, ನಡು ಮಧ್ಯಾಹ್ನ, ಅರ್ಧ ತೋಳಿನ ಬನಿಯನ್ನಲ್ಲಿ ಅಪ್ಪ ಪಂಪು ಬೆನ್ನಿಗೆ ಹಾಕ್ಕೊಂಡು ಹೊಡೆದಿದ್ದಾನೆ. ಬಾಯಿಗೆ ಬಟ್ಟೆ ಇಲ್ಲ. ಗಾಳಿ ಎದುರಿಗಿತ್ತಂತೆ. ಸಂಜೆ ಹೊತ್ತಿಗೆ ತಲೆ ತಿರುಗಿ ವಾಂತಿ ಶುರುವಾಗಿ, ಮೈಯೆಲ್ಲ ಬೆವತು, ಪಕ್ಕದ ಮನೆಯವರ ಗೂಡ್ಸ್ ಆಟೋದಲ್ಲಿ ಆಸ್ಪತ್ರೆಗೆ ಹಾಕಿದ್ದಾರೆ. ರಾತ್ರಿಯಿಡೀ ಡ್ರಿಪ್ಪು. ಅವ್ವ ನನಗೆ ಹೇಳಿದ್ದು ಮಾರನೇ ದಿನ, ಅಪಾಯ ದಾಟಿದ ಮೇಲೆ. "ಏನಿಲ್ಲ, ಔಷಧಿ ಗಾಳಿ ಬಡೀತು" ಅಂದಳು. ಆ ಔಷಧಿ ಹೆಸರು ಹೇಳಿದ್ದು ನಾನು ಅಂತ ಅವಳೂ ಎತ್ತಲಿಲ್ಲ, ಅಪ್ಪನೂ ಎತ್ತಲಿಲ್ಲ.

ಇನ್ನೊಂದು ವಿಷಯ. ಹುಳ ಸಾಯಲಿಲ್ಲ.

ಆಗ ನಮ್ಮ ದೊಡ್ಡಪ್ಪ ಒಂದು ಕೆಲಸ ಮಾಡಿದರು. ನಾಲ್ಕು ಗಿಡ ಬುಡಸಮೇತ ಕಿತ್ತು, ಹಳೇ ಪೇಪರಲ್ಲಿ ಸುತ್ತಿಕೊಂಡು, ಬಸ್ ಹತ್ತಿ ಶಿವಮೊಗ್ಗದ ನವಿಲೆ ಕೃಷಿ ಕಾಲೇಜಿಗೆ ಹೋದರು. ಯಾರನ್ನ ಕೇಳಬೇಕು ಅಂತ ಗೊತ್ತಿಲ್ಲ. ಗೇಟಲ್ಲಿ "ಹುಳದ ಡಾಕ್ಟ್ರು ಎಲ್ಲಿ?" ಅಂತ ಕೇಳಿದರಂತೆ. ಕೀಟಶಾಸ್ತ್ರ ವಿಭಾಗಕ್ಕೆ ಕಳಿಸಿದರು. ಅಲ್ಲಿ ಒಬ್ಬ ಸಂಶೋಧನಾ ವಿದ್ಯಾರ್ಥಿ ಸುಳಿ ಬಿಡಿಸಿ, ಹುಳವನ್ನ ಗಾಜಿನ ತಟ್ಟೆಗೆ ಹಾಕಿ, ದೊಡ್ಡಪ್ಪನನ್ನೇ ಮೈಕ್ರೋಸ್ಕೋಪ್ ಮುಂದೆ ಕೂರಿಸಿದ. ತಲೆ ಮೇಲೆ ತಲೆಕೆಳಗಾದ ಇಂಗ್ಲಿಷಿನ ವೈ ಅಕ್ಷರ. ಬಾಲದ ಹತ್ತಿರ ಚೌಕದ ನಾಲ್ಕು ಮೂಲೆಗೆ ಇಟ್ಟ ಹಾಗೆ ನಾಲ್ಕು ಕಪ್ಪು ಚುಕ್ಕಿ. "ಇವು ನಾಲ್ಕು ಚುಕ್ಕಿ ಕಂಡ್ರೆ ಇದೇ ಹುಳ ಯಜಮಾನ್ರೇ. ಕಾಂಡ ಕೊರೆಯೋದಲ್ಲ, ಹೊಸದು. ಮೇ ತಿಂಗಳಲ್ಲಿ ನಮ್ ಕಾಲೇಜಿನ ಜೋಳದಲ್ಲೇ ಮೊದ್ಲು ಸಿಕ್ಕಿದ್ದು" ಅಂದನಂತೆ.

ದೊಡ್ಡಪ್ಪ ಇದನ್ನ ಊರಲ್ಲಿ ಹೇಳಿದಾಗ ಯಾರೂ ಅಷ್ಟಾಗಿ ನಂಬಲಿಲ್ಲ. ನಾನೂ ನಂಬಲಿಲ್ಲ. ಆಮೇಲೆ ಹುಡುಕಿ ಓದಿದಾಗ ಗೊತ್ತಾಯ್ತು, ಆ ಹುಡುಗ ಹೇಳಿದ್ದು ಅಕ್ಷರಶಃ ನಿಜ.

ಫಾಲ್ ಆರ್ಮಿವರ್ಮ್, ನಮ್ಮ ಕಡೆ ಈಗ ಲದ್ದಿ ಹುಳು, ಸೈನಿಕ ಹುಳು ಅಂತೆಲ್ಲ ಕರೀತಾರಲ್ಲ, ಅದು ಭಾರತದಲ್ಲಿ ಇದೆ ಅಂತ ಮೊದಲು ಗುರುತಿಸಿದ್ದು 2018ರ ಮೇ ತಿಂಗಳಲ್ಲಿ, ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು. ಈಗ ಅದಕ್ಕೆ ಕೆಳದಿ ಶಿವಪ್ಪ ನಾಯಕನ ಹೆಸರಿದೆ. ಡಾ. ಶರಣಬಸಪ್ಪ, ಡಾ. ಸಿ.ಎಂ. ಕಲ್ಲೇಶ್ವರಸ್ವಾಮಿ ಮತ್ತು ಅವರ ಜೊತೆಗಾರರು. ಭಾರತದಲ್ಲಷ್ಟೇ ಅಲ್ಲ, ಏಷ್ಯಾದಲ್ಲೇ ಮೊದಲ ವರದಿ ಅದು.

ಕೇಳೋಕೆ ಸುಲಭ ಅನಿಸುತ್ತೆ. ಹುಳ ಕಂಡ್ರು, ಹೆಸರು ಹೇಳಿದ್ರು, ಅದರಲ್ಲೇನು? ಆದ್ರೆ ಯೋಚಿಸಿ. ಮೆಕ್ಕೆಜೋಳದಲ್ಲಿ ಹುಳ ಹೊಸದೇನಲ್ಲ. ಕಾಂಡ ಕೊರೆಯೋದಿತ್ತು, ಹಳೇ ಸೈನಿಕ ಹುಳು ಇತ್ತು, ತಂಬಾಕಿಗೆ ಬೀಳುವ ಇದೇ ಜಾತಿಯ ಸೋದರಸಂಬಂಧಿ ಹುಳವೂ ಇತ್ತು. ನೂರು ಜನ ನೋಡಿದ್ರೆ ತೊಂಬತ್ತೊಂಬತ್ತು ಜನ "ಅದೇ ಹಳೇದು" ಅಂತ ಮುಂದೆ ಹೋಗ್ತಿದ್ರು. ನಾನು ಹೋದೆನಲ್ಲ, ಮೂರನೇ ಲಿಂಕಿಗೆ. ಇವರು ಅನುಮಾನ ಪಟ್ಟರು. ಮರಿ ಹುಳಗಳನ್ನ ತಂದು ಸಾಕಿ, ಕೋಶ ಕಟ್ಟಿ ಪತಂಗವಾಗಿ ಹೊರಬರುವ ತನಕ ಕಾದರು. ಗಂಡು ಪತಂಗದ ಜನನಾಂಗದ ರಚನೆ ನೋಡಿದರು, ಕೀಟ ಗುರುತಿಸೋರಿಗೆ ಅದೇ ಬೆರಳಚ್ಚು ಇದ್ದ ಹಾಗೆ. ಡಿಎನ್ಎ ಪರೀಕ್ಷೆಗೆ ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕೈಜೋಡಿಸಿದರು. ಆಫ್ರಿಕಾದ ಬೆನಿನ್‌ನಲ್ಲಿದ್ದ ಗಿಯೋರ್ಗ್ ಗೋರ್ಗೆನ್ ಕೂಡ ಆ ವರದಿಯ ಸಹಲೇಖಕರು. 2016ರಲ್ಲಿ ಈ ಹುಳ ಆಫ್ರಿಕಾಕ್ಕೆ ಬಂದಿದೆ ಅಂತ ಮೊದಲು ಪತ್ತೆ ಮಾಡಿದ ತಂಡದವರು ಅವರು. ಬಗ್ ರಿಪೋರ್ಟ್ ಆಗಿರೋ ಹಳೇ ಟಿಕೆಟನ್ನ ಹುಡುಕಿ, ಅದನ್ನ ಹಾಕಿದವನನ್ನೇ ಕರೆದು ಕೂರಿಸಿದ ಹಾಗೆ.

ಇಲ್ಲಿ ನಮ್ಮ ಫೀಲ್ಡಿನೋರಿಗೆ ಒಂದು ಮಾತು. ಈಗ ಎಲೆ ಫೋಟೋ ತೆಗೆದ್ರೆ ರೋಗ ಹೇಳುವ ಆ್ಯಪುಗಳು ಬಂದಿವೆ. ನಾನೂ ಒಂದನ್ನ ಇಟ್ಟುಕೊಂಡಿದ್ದೀನಿ, ಕೆಲವೊಮ್ಮೆ ಉಪಯೋಗಕ್ಕೂ ಬರುತ್ತೆ. ಆದ್ರೆ ಮಾಡೆಲ್‌ಗೆ ಇಪ್ಪತ್ತು ಹುಳ ಕಲಿಸಿದ್ರೆ ಅದು ಇಪ್ಪತ್ತರಲ್ಲೇ ಒಂದನ್ನ ಆರಿಸುತ್ತೆ. 2018ರ ಮೇ ತಿಂಗಳಲ್ಲಿ ಅಂಥದ್ದೊಂದು ಆ್ಯಪ್ ನವಿಲೆಯ ಹೊಲದಲ್ಲಿದ್ದಿದ್ರೆ ಏನನ್ನುತ್ತಿತ್ತು? "ಕಾಂಡ ಕೊರೆಯುವ ಹುಳು, ಶೇಕಡಾ 94" ಅನ್ನುತ್ತಿತ್ತು. "ಇದು ನಾನು ನೋಡೇ ಇಲ್ಲದ ಹುಳ" ಅನ್ನೋಕೆ ಬೇರೆ ಥರದ ತಲೆ ಬೇಕು. ಬಾಯಲ್ಲಿ ಹೇಳೋದಷ್ಟೇ ಅಲ್ಲ, ಅದನ್ನ ಸಾಬೀತು ಮಾಡೋಕೆ ಹುಳ ಸಾಕುವ ತಾಳ್ಮೆಯೂ ಬೇಕು.

ಬೇಗ ಗುರುತಿಸಿದ್ದರಿಂದ ಏನು ಸಿಕ್ಕಿತು ಅಂತ ಅರ್ಥವಾಗಬೇಕಾದ್ರೆ ಈ ಹುಳದ ಓಟ ನೋಡಬೇಕು. ಮೂಲ ಅಮೆರಿಕ ಖಂಡದ್ದು. ಚಳಿ ತಡೆಯಲ್ಲ. ಅಮೆರಿಕದಲ್ಲಿ ಚಳಿಗಾಲ ಪೂರ್ತಿ ದಕ್ಷಿಣದ ಫ್ಲೋರಿಡಾ, ಟೆಕ್ಸಾಸ್ ಕಡೆ ಇದ್ದು, ಬೇಸಿಗೆಗೆ ಮತ್ತೆ ಮೇಲೆ ಹಾರುತ್ತಾ ಹೋಗಿ ಶರತ್ಕಾಲಕ್ಕೆ ಉತ್ತರ ಮುಟ್ಟುತ್ತೆ. ಅಲ್ಲಿ ಶರತ್ಕಾಲಕ್ಕೆ ಫಾಲ್ ಅಂತಾರಲ್ಲ, ಹೆಸರು ಬಂದಿದ್ದು ಅಲ್ಲಿಂದ. ನಮ್ಮಲ್ಲಿ ಕೊಲ್ಲುವಂಥ ಚಳಿಯೇ ಇಲ್ಲ, ಹಾಗಾಗಿ ವರ್ಷಪೂರ್ತಿ ಸಂಸಾರ. ಪತಂಗ ಒಂದು ರಾತ್ರಿಗೆ ನೂರು ಕಿಲೋಮೀಟರ್ ಹಾರಬಲ್ಲದು. ಒಂದು ಹೆಣ್ಣು ಸಾವಿರ, ಸಾವಿರದೈನೂರು ಮೊಟ್ಟೆ ಇಡುತ್ತೆ, ಬೆಚ್ಚಗಿದ್ರೆ ತಿಂಗಳೊಳಗೆ ಹೊಸ ತಲೆಮಾರು. ಮೇ ತಿಂಗಳಲ್ಲಿ ಶಿವಮೊಗ್ಗದಲ್ಲಿ ಕಂಡದ್ದು ಜುಲೈಗೆ ಚಿಕ್ಕಬಳ್ಳಾಪುರ ಕಡೆಯೂ ಕಂಡು, ಬೆಂಗಳೂರಿನ ಕೇಂದ್ರ ಸಂಸ್ಥೆ ದೇಶಕ್ಕೆಲ್ಲ ಎಚ್ಚರಿಕೆ ಕೊಟ್ಟಿತು. ವರ್ಷ ಮುಗಿಯುವಷ್ಟರಲ್ಲಿ ತಮಿಳುನಾಡು, ಆಂಧ್ರ, ತೆಲಂಗಾಣ, ಮಹಾರಾಷ್ಟ್ರ. 2019ರ ಜನವರಿಯಲ್ಲಿ ಚೀನಾದ ಯುನ್ನಾನ್. 2020ಕ್ಕೆ ಆಸ್ಟ್ರೇಲಿಯಾ. ಅಷ್ಟೂ ಕಡೆಯವರು ತಮ್ಮ ಪ್ರಬಂಧಗಳಲ್ಲಿ ಇವತ್ತಿಗೂ ಶಿವಮೊಗ್ಗದ ಆ ವರದಿಯನ್ನ ಹೆಸರಿಸುತ್ತಾರೆ. ನಮ್ಮೂರಿಂದ ಒಂದೂವರೆ ಗಂಟೆ ದೂರದ ಕಾಲೇಜು! ನಾನು ಆ ಗೇಟಿನ ಮುಂದೆ ನೂರು ಸಲ ಓಡಾಡಿದ್ದೀನಿ, ಒಂದು ದಿನವೂ ಒಳಗೆ ಹೋಗಿರಲಿಲ್ಲ.

ಆಮೇಲಿನ ವಾರ ಅವರೇ ನಮ್ಮೂರಿಗೆ ಬಂದರು. ಹನುಮಪ್ಪನ ಗುಡಿ ಕಟ್ಟೆ ಮೇಲೆ ಮೀಟಿಂಗು. ನಾನು ಆಗ ಅಪ್ಪನನ್ನ ನೋಡೋಕೆ ರಜ ಹಾಕಿ ಬಂದಿದ್ದೆ, ಹಿಂದೆ ನಿಂತು ಕೇಳಿದೆ. ಮೊದಲು ಹದಿನೈದು ನಿಮಿಷ "ಸಮಗ್ರ ಪೀಡೆ ನಿರ್ವಹಣೆ", "ಆರ್ಥಿಕ ನಷ್ಟದ ಮಟ್ಟ" ಅಂತ ಪುಸ್ತಕದ ಕನ್ನಡ ಓಡಿತು. ಜನ ಆಕಳಿಸಿದರು. ಹಂಚಿದ ಕರಪತ್ರವೂ ಅದೇ ಭಾಷೆ. (ಇದೊಂದು ದೂರು ನನ್ನದು ಇದ್ದೇ ಇದೆ. ಇಷ್ಟು ಚೆನ್ನಾಗಿ ಕೆಲಸ ಮಾಡುವವರು ಕರಪತ್ರ ಬರೆಯುವಾಗ ಯಾಕೆ ಹಾಗೆ ಬಿಗಿದುಕೊಳ್ಳುತ್ತಾರೋ!) ಆಮೇಲೆ ಒಬ್ಬರು ಎದ್ದು "ಬನ್ನಿ, ಹೊಲಕ್ಕೇ ಹೋಗಣ" ಅಂದರು. ಹೋಗಿದ್ದು ನಮ್ಮ ಹೊಲಕ್ಕೆ.

ಅಲ್ಲಿ ಗೊತ್ತಾಯ್ತು, ಅಪ್ಪ ಮೈಯೆಲ್ಲ ವಿಷ ಮಾಡಿಕೊಂಡು ಹೊಡೆದಿದ್ದು ಯಾಕೆ ದಂಡವಾಯ್ತು ಅಂತ. ಮೊಟ್ಟೆಯೊಡೆದ ಮರಿ ಮೊದಲು ಎಲೆಯ ಹಸಿರನ್ನ ಕೆರೆಯುತ್ತೆ, ಎಲೆ ಮೇಲೆ ಕಾಗದದಂಥ ಬಿಳಿ ಕಿಟಕಿ ಮೂಡುತ್ತೆ. ಹಿಡಿಯಬೇಕಾದ್ದು ಆಗ. ದೊಡ್ಡದಾದ ಹಾಗೆ ಅದು ಸುಳಿಯೊಳಗೆ ಇಳಿದು ಕೂರುತ್ತೆ, ಒಂದು ಸುಳಿಗೆ ಹೆಚ್ಚಾಗಿ ಒಂದೇ, ಯಾಕಂದ್ರೆ ದೊಡ್ಡದು ಚಿಕ್ಕದನ್ನ ತಿಂದುಬಿಡುತ್ತೆ. ಕೂತ ಮೇಲೆ ಅದರ ಲದ್ದಿಯೇ ಮೇಲೆ ಮುಚ್ಚಳ ಆಗುತ್ತೆ. ಮೇಲಿಂದ ಎಷ್ಟು ಹೊಡೆದ್ರೂ ಔಷಧಿ ಲದ್ದಿಗೆ ಬೀಳುತ್ತೆ, ಹುಳಕ್ಕೆ ಮುಟ್ಟಲ್ಲ. ಅದರ ಮೇಲೆ ಹಗಲಲ್ಲಿ ಅದು ಒಳಗೇ ಇರುತ್ತೆ. ಅಪ್ಪ ಹೊಡೆದಿದ್ದು ದೊಡ್ಡ ಹುಳಕ್ಕೆ, ನಡು ಮಧ್ಯಾಹ್ನ. ಹೊಡೆದಷ್ಟೂ ಸೇರಿದ್ದು ಅಪ್ಪನ ಮೈಗೆ.

ಅವರು ಹೇಳಿದ್ದು ಸರಳ. ಹೊಲದಲ್ಲಿ ಐದು ಕಡೆ ನಿಲ್ಲಿ, ಒಂದೊಂದು ಕಡೆ ಹತ್ತು ಗಿಡದ ಸುಳಿ ನೋಡಿ, ಎಷ್ಟಕ್ಕೆ ಬಿದ್ದಿದೆ ಎಣಿಸಿ. ಮೊಟ್ಟೆ ಗುಂಪು ಕಂಡ್ರೆ ಬೆರಳಲ್ಲೇ ಹೊಸಕಿ ಹಾಕಿ, ಒಂದು ಗುಂಪಲ್ಲಿ ನೂರಾರು ಇರ್ತಾವೆ. ಒಂಬತ್ತು ಪಾಲು ಮರಳಿಗೆ ಒಂದು ಪಾಲು ಸುಣ್ಣ ಬೆರೆಸಿ ಸುಳಿಗೆ ಚಿಟಿಕೆ ಚಿಟಿಕೆ ಹಾಕಿ. ದೊಡ್ಡ ಹುಳಕ್ಕೆ ವಿಷದ ತಿನಿಸು: ಅಕ್ಕಿ ತೌಡು, ಬೆಲ್ಲ, ನೀರು ಕಲಸಿ ಒಂದು ರಾತ್ರಿ ಹುಳಿ ಬರಿಸಿ, ಹಾಕುವ ಮೊದಲು ಔಷಧಿ ಬೆರೆಸಿ, ಕೈಗವಸು ಹಾಕ್ಕೊಂಡು ಸಂಜೆ ಹೊತ್ತು ಸುಳಿಗೆ ಹಾಕೋದು. ಬೆಲ್ಲದ ವಾಸನೆಗೆ ಹುಳ ಮೇಲೆ ಬರುತ್ತೆ. "ಹುಳಕ್ಕೂ ಉಂಡೆ ಕಟ್ಟಾಂಗಾತಲ್ಲ" ಅಂತ ಅವ್ವ ಅಂದಿದ್ದಕ್ಕೆ ಎಲ್ಲರೂ ನಕ್ಕರು. ಕೊನೆಗೆ ಒಬ್ಬ ಮೇಡಂ ಅಪ್ಪ ತಂದಿದ್ದ ಎರಡೂ ಬಾಟ್ಲಿ ತರಿಸಿ, ಲೇಬಲ್ ಮೇಲಿನ ಬಣ್ಣದ ಗುರುತು ತೋರಿಸಿದರು. ಕೆಂಪು ಅಂದ್ರೆ ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ನಲವತ್ತು ವರ್ಷದಿಂದ ಔಷಧಿ ಹೊಡೆಯೋ ಅಪ್ಪನಿಗೆ ಅದು ಗೊತ್ತಿರಲಿಲ್ಲ. ಇಂಜಿನಿಯರ್ ಮಗನಿಗೂ ಗೊತ್ತಿರಲಿಲ್ಲ.

ಆ ವರ್ಷ ಎಕರೆಗೆ ಇಪ್ಪತ್ತು ಚೀಲ ಬರೋ ಕಡೆ ಹನ್ನೊಂದು ಬಂತು. ಕಡಿಮೆಯೇ. ಆದ್ರೆ ಮೇಲಿನ ಹೊಲದವರು ಐದು ಸಲ ಹೊಡೆದು, ಸಾಲ ಮಾಡಿ, ಎಂಟು ತೆಗೆದರು.

ಒಂದು ಸಂಗತಿ ನ್ಯಾಯವಾಗಿ ಹೇಳಬೇಕು. ಅಂಗಡಿಯವರನ್ನ ಬೈಯೋದು ಸುಲಭ. ಆದ್ರೆ ಅಂಗಡಿ ರಾತ್ರಿ ಎಂಟರ ತನಕ ತೆರೆದಿರುತ್ತೆ, ಉದ್ರಿ ಕೊಡುತ್ತೆ, ಬೆಳೆ ಬಂದ ಮೇಲೆ ದುಡ್ಡು ತಗೊಳ್ಳುತ್ತೆ. ಕಾಲೇಜಿಗೆ ಹೋಗಬೇಕಂದ್ರೆ ಒಂದು ದಿನದ ಕೂಲಿ, ಬಸ್ ಚಾರ್ಜು. ಹೋದ್ರೆ ಸಾಹೇಬ್ರು ಇರ್ತಾರೋ ಇಲ್ವೋ. ಡಾಕ್ಟರೂ ಅವರೇ, ಮೆಡಿಕಲ್ ಶಾಪೂ ಅವರದೇ, ಕಾಯಿಲೆ ಎಷ್ಟಿದ್ರೆ ಅಷ್ಟು ವ್ಯಾಪಾರ, ಅಂಥ ಏರ್ಪಾಟು ಮನುಷ್ಯರ ಆಸ್ಪತ್ರೆಯಲ್ಲಿದ್ರೆ ನಾವು ಟ್ವಿಟ್ಟರಲ್ಲಿ ಎಷ್ಟು ಕೂಗಾಡ್ತಿದ್ವಿ. ಹೊಲದಲ್ಲಿ ಅದೇ ನಡೀತಿದೆ.

ಹುಳ ಮತ್ತು ಗಿಡದ ರೋಗ, ಇವತ್ತು ಕಾಲೇಜುಗಳಲ್ಲಿ ಎರಡು ವಿಭಾಗ, ಎರಡು ಬೋರ್ಡು. ನೂರು ವರ್ಷದ ಹಿಂದೆ ಮೈಸೂರು ಸಂಸ್ಥಾನದಲ್ಲಿ ಎರಡಕ್ಕೂ ಒಬ್ಬನೇ ಮನುಷ್ಯ. ಲೆಸ್ಲಿ ಕೋಲ್ಮನ್, ಕೆನಡಾದವರು, 1908ರಲ್ಲಿ ಬಂದರು. ಮಲೆನಾಡಿನ ಅಡಿಕೆ ತೋಟಗಳಲ್ಲಿ ಮಳೆಗಾಲಕ್ಕೆ ಕಾಯಿ ಕೊಳೆತು ಉದುರುತ್ತಿತ್ತು. ಜನ ಗೊನೆಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡಿಕೊಳ್ಳುತ್ತಿದ್ದರು. ಕೋಲ್ಮನ್ ಆ ರೋಗ ತರುವ ಜೀವಿ ಯಾವುದು ಅಂತ ಹುಡುಕಿ 1910ರಲ್ಲಿ ಬರೆದರು, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯೋದನ್ನ ಮಲೆನಾಡಿಗೆ ಕಲಿಸಿದರು. ನನಗೆ ಇದರಲ್ಲಿ ಇಷ್ಟವಾದದ್ದು ಹೆಸರು. ರೋಗಕ್ಕೆ ಅವರು ಇಂಗ್ಲಿಷಿನಲ್ಲಿ ಹೊಸ ಹೆಸರು ಕಟ್ಟಲಿಲ್ಲ, ನಮ್ಮ ರೈತರು ಕರೆಯುತ್ತಿದ್ದ ಹಾಗೆ ಕೊಳೆರೋಗ ಅಂತಲೇ ಬರೆದರು. ಇವತ್ತಿಗೂ ಸಸ್ಯರೋಗದ ಇಂಗ್ಲಿಷ್ ಪುಸ್ತಕಗಳಲ್ಲಿ ಅದು 'ಕೊಳೆರೋಗ'ವೇ. ತೀರ್ಥಹಳ್ಳಿಯ ನನ್ನ ಟೀಮ್‌ಮೇಟ್ ಮನೆಯಲ್ಲಿ ಈಗಲೂ ದ್ರಾವಣ ಸರಿಯಾಗಿದೆಯಾ ಅಂತ ಕಬ್ಬಿಣದ ಚಾಕು ಅದ್ದಿ ನೋಡುತ್ತಾರಂತೆ. ಚಾಕು ಕೆಂಪಗಾದ್ರೆ ಸುಣ್ಣ ಸಾಲದು ಅಂತ ಲೆಕ್ಕ. ಹೆಬ್ಬಾಳದಲ್ಲಿ 1913ರಲ್ಲಿ ಶುರುವಾದ ಕೃಷಿ ಶಾಲೆಯ ಹಿಂದೆಯೂ ಇದೇ ಕೋಲ್ಮನ್. ಅದು 1946ಕ್ಕೆ ಕಾಲೇಜಾಗಿ, 1964ಕ್ಕೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯವಾಯ್ತು. ಮಾನ್ಯತಾ ಟೆಕ್ ಪಾರ್ಕಿಗೆ ಹೋಗುವಾಗ ಹೆಬ್ಬಾಳ ಫ್ಲೈಓವರಲ್ಲಿ ಟ್ರಾಫಿಕ್ಕಿಗೆ ಸಿಕ್ಕಿಕೊಂಡು ಬೈಯುತ್ತಾ ಕೂತಿರ್ತೀವಲ್ಲ, ಅಲ್ಲೇ ಹತ್ತಿರ.

ಲೆನ್ಸಿನ ವಿಷಯಕ್ಕೆ ಬರ್ತೀನಿ. 2019ರ ಆಗಸ್ಟ್ ಮಳೆ ನೆನಪಿದೆಯಲ್ಲ? ತುಂಗಭದ್ರೆ ಉಕ್ಕಿ ಹರಿದ ವರ್ಷ. ನಮ್ಮದು ಅರ್ಧ ಎಕರೆ ಕೊಚ್ಚಿಹೋಗಿ, ತಡವಾಗಿ ಮತ್ತೆ ಬಿತ್ತಿದ್ವಿ. ಆಗ ಕೃಷಿ ಕಾಲೇಜಿನ ಕೊನೇ ವರ್ಷದ ಹುಡುಗ ಹುಡುಗಿಯರು ನಮ್ಮೂರಲ್ಲಿ ಬಂದು ಉಳಿದರು. ಗ್ರಾಮೀಣ ಕೃಷಿ ಕಾರ್ಯಾನುಭವ ಅಂತ ಅವರಿಗದು ಪಾಠದ್ದೇ ಭಾಗ. ಮೊದಲ ದಿನ ಶಾಲೆ ಅಂಗಳದಲ್ಲಿ ರಂಗೋಲಿ ಪುಡಿಯಲ್ಲಿ ಇಡೀ ಊರಿನ ನಕ್ಷೆ ಬಿಡಿಸಿದರು. ಕೆರೆ ನೀಲಿ, ಹೊಲ ಹಸಿರು, ಗುಡಿ ಕೆಂಪು. ಅಜ್ಜಂದಿರೆಲ್ಲ ಕೋಲು ಊರಿಕೊಂಡು ಬಂದು "ನಮ್ ಕಣ ಎಲ್ಲೈತೆ? ಅದನ್ನ ಯಾಕೆ ಬಿಟ್ರಿ?" ಅಂತ ಜಗಳಕ್ಕೆ ನಿಂತರಂತೆ.

ಅವರಲ್ಲಿ ವಿಜಯಪುರ ಕಡೆಯ ಒಬ್ಬಳು ಹುಡುಗಿ. ಕತ್ತಲ್ಲಿ ದಾರ ಕಟ್ಟಿದ ಒಂದು ಲೆನ್ಸು ಸದಾ ತೂಗಾಡುತ್ತಿತ್ತಂತೆ. ಒಂದು ಬೆಳಗ್ಗೆ ಅಪ್ಪ ಪಂಪಿಗೆ ನೀರು ತುಂಬ್ತಿರುವಾಗ ಬಂದು "ಕಾಕಾ, ಒಂದ್ ನಿಮಿಷ ತಡೀರಿ" ಅಂದಳು. ಸುಳಿಯಿಂದ ಒಂದು ಸತ್ತ ಹುಳ ತೆಗೆದಳು. ಕಟ್ಟಿಗೆ ಥರ ಬಿರುಸಾಗಿ, ಮೈಯೆಲ್ಲ ಬಿಳಿ ಬೂಷ್ಟು, ಅಲ್ಲಲ್ಲಿ ತೆಳು ಹಸಿರು. ಲೆನ್ಸ್ ಅಪ್ಪನ ಕಣ್ಣಿಗೆ ಹಿಡಿದಳು. ಹುಳಕ್ಕೇ ಬರುವ ರೋಗ ಅದು, ನೊಮೂರಿಯಾ ಅನ್ನೋ ಶಿಲೀಂಧ್ರ. ಮಳೆ, ತೇವ ಇದ್ರೆ ತಾನಾಗೇ ಹಬ್ಬುತ್ತೆ, ಒಂದು ಹುಳದಿಂದ ಇನ್ನೊಂದಕ್ಕೆ. ಅದನ್ನ ಬೆಳೆಸಿ ರೈತರಿಗೆ ಕೊಡುವ ಕೆಲಸ ಧಾರವಾಡ ಕೃಷಿ ವಿಶ್ವವಿದ್ಯಾಲಯ ಮೊದಲಿಂದಲೂ ಮಾಡ್ತಿದೆ. ಶಿವಮೊಗ್ಗದವರು ಹೊಸ ಹುಳ ಸಿಕ್ಕ ಮೇಲೆ ಸುಮ್ಮನೆ ಕೂರದೆ, ಅದನ್ನ ಇಲ್ಲಿ ಯಾರು ಯಾರು ತಿನ್ನುತ್ತಾರೆ ಅಂತಲೂ ಹುಡುಕಿ ಪಟ್ಟಿ ಮಾಡಿದ್ದಾರೆ. ಮೊಟ್ಟೆಯೊಳಗೇ ಮೊಟ್ಟೆ ಇಡುವ ಸಣ್ಣ ಕಣಜಗಳು, ಬಾಲದಲ್ಲಿ ಇಕ್ಕಳ ಇರುವ ಒಂದು ಹುಳ, ಮತ್ತೆ ಈ ಬೂಷ್ಟು. ಹೊರದೇಶದಿಂದ ಬಂದವನನ್ನ ನಮ್ಮ ಊರಿನ ಶತ್ರುಗಳು ಗುರುತು ಹಿಡಿದರು.

"ಹತ್ತರಾಗೆ ನಾಲ್ಕು ಬೂಷ್ಟು ಹಿಡದಾವ ಕಾಕಾ. ಈಗ ನೀವು ಹೊಡದ್ರ ಇವೂ ಸಾಯ್ತಾವ. ನಾಕ್ ದಿನ ತಡೀರಿ." ಅಪ್ಪ ತಡೆದ. ನಾಲ್ಕು ದಿನ ನಿದ್ದೆ ಮಾಡಲಿಲ್ಲ ಅಂತ ಅವ್ವ ಹೇಳ್ತಾಳೆ. ಐದನೇ ದಿನಕ್ಕೆ ಹತ್ತರಲ್ಲಿ ಏಳು. ಪಂಪಿನ ನೀರು ಕರಿಬೇವಿನ ಗಿಡಕ್ಕೆ ಹೋಯ್ತು.

ಹುಡುಗಿ ಹೊರಡುವಾಗ ಅಪ್ಪ ಆ ಲೆನ್ಸ್ ಕೇಳಿದನಂತೆ. ಕಾಲೇಜಿಂದು, ವಾಪಸ್ ಕೊಡಬೇಕು ಅಂದಳು. ಅಪ್ಪ ಅಟ್ಟ ಹುಡುಕಿ, ನನ್ನ ಹೈಸ್ಕೂಲಿನ ಸೈನ್ಸ್ ಎಕ್ಸಿಬಿಷನ್ನಿನ ಭೂತಗನ್ನಡಿ ತೆಗೆದುಕೊಂಡ. ಅಷ್ಟು ವರ್ಷ ಅದರಲ್ಲೇ ನಡೆಯಿತು. ಹೋದ ತಿಂಗಳು ಎಮ್ಮೆ ತುಳಿಯಿತು.

ನಿಮ್ಮ ಮನೆಯಲ್ಲೂ ಊರಲ್ಲಿ ಯಾರೋ ಹೊಲ ನೋಡಿಕೊಳ್ಳುವವರು ಇದ್ರೆ, ಫೋಟೋ ಬಂದ ತಕ್ಷಣ ಔಷಧಿ ಹೆಸರು ಕಳಿಸಬೇ್ಡಿ. ಸುಳಿ, ಎಲೆಯ ಮೇಲೆ ಕೆಳಗೆ, ಬುಡ, ಮೂರೂ ಫೋಟೋ ಕೇಳಿ. ಗಿಡ ಕಳಿಸೋದಾದ್ರೆ ಪೇಪರಲ್ಲಿ ಸುತ್ತಲು ಹೇಳಿ, ಪ್ಲಾಸ್ಟಿಕ್ ಕವರಲ್ಲಿ ಬೆವತು ಕೊಳೆಯುತ್ತೆ. ಚೆನ್ನಾಗಿರೋ ಒಂದು ಗಿಡವೂ ಜೊತೆಗಿರಲಿ. ಹೋಬಳಿಯಲ್ಲಿ ರೈತ ಸಂಪರ್ಕ ಕೇಂದ್ರ ಇದೆ, ಜಿಲ್ಲೆಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಕಿಸಾನ್ ಕಾಲ್ ಸೆಂಟರ್ ನಂಬರ್ 1800-180-1551, ದುಡ್ಡು ಬೀಳಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಬೆಂಗಳೂರಲ್ಲಿರೋರು ವರ್ಷದ ಕೊನೆಗೆ ಜಿಕೆವಿಕೆಯ ಕೃಷಿ ಮೇಳಕ್ಕೆ ಹೋಗ್ತೀರಲ್ಲ, ಬರೀ ರಾಗಿ ಐಸ್‌ಕ್ರೀಮ್ ತಿಂದು ಬರಬೇಡಿ, ಹುಳದ ಸ್ಟಾಲಿಗೂ ಹೋಗಿ.

ಹೋದ ಭಾನುವಾರ ಲೆನ್ಸ್ ತಗೊಂಡು ಊರಿಗೆ ಹೋದೆ. ಅಪ್ಪ ಕವರ್ ಅಲ್ಲೇ ಹರಿದು, ದಾರ ಕಟ್ಟಿ ಕತ್ತಿಗೆ ಹಾಕ್ಕೊಂಡ. ಸ್ವೆಟರಿಗೆ ಸಿಗದ ಭಾಗ್ಯ. ಇಬ್ಬರೂ ಹೊಲಕ್ಕೆ ಹೋದ್ವಿ. ಜೋಳ ಮೊಣಕಾಲು ದಾಟಿತ್ತು, ಎಡೆಕುಂಟೆ ಹೊಡೆದ ಸಾಲು ಒದ್ದೆಯಾಗಿತ್ತು. ಅಪ್ಪ ಬಗ್ಗಿ ಒಂದೊಂದೇ ಸುಳಿ ಬಿಡಿಸಿ ನೋಡುತ್ತಾ ಹೋದ. ಪಕ್ಕದ ಹೊಲದ ಹುಡುಗ ಒಂದು ಎಲೆ ಹಿಡಿದು ಓಡಿ ಬಂದು "ದೊಡ್ಡಪ್ಪ, ಇದಕ್ಕೆ ಯಾವ್ ಔಷಧಿ?" ಅಂದ. ಅಪ್ಪ ಲೆನ್ಸ್ ಅವನ ಕೈಗೆ ಕೊಟ್ಟು "ಮೊದ್ಲು ಚುಕ್ಕಿ ಎಣಿಸು. ಅಂಗಡಿ ಎಲ್ಲಿಗೂ ಹೋಗಲ್ಲ" ಅಂದ.

ಅವನು ಹೋದ ಮೇಲೆ, ಇಷ್ಟು ವರ್ಷ ಹೇಳದೇ ಇದ್ದದ್ದನ್ನ ಹೇಳಿದೆ. "ಅಪ್ಪ, ಅವತ್ತು ನಾನ್ ಕಳ್ಸಿದ್ದ ಆ ಔಷಧಿ ಹೆಸ್ರು..."

ಅಪ್ಪ ತಲೆ ಎತ್ತಲಿಲ್ಲ. "ನೀ ಹೇಳಿದ್ದು ಒಂದೇ. ಎರಡ್ನೇದು ಹಾಕ್ಸಿದ್ದು ನಾನು" ಅಂದ. ಮುಂದಿನ ಸುಳಿಗೆ ಬಗ್ಗಿದ. "ಆರಾತು ಇಲ್ಲಿಗೆ. ಲೆಕ್ಕ ತಪ್ಪಿಸ್ಬೇಡ. ಏಳು, ಎಂಟು..."